ಪಕ್ಕೆಗೆ ಕೊಟ್ಟ ಕೈ

ಪಂಚಮಿಗೆ ತವರಿಗೆ ಕರೆದೊಯ್ಯಲು ಅಣ್ಣ ಅಯ್ಯಣ್ಣ ಕೊಂಕಲ್‌ನಿಂದ ಬಂಡಿ ಹೂಡಿಕೊಂಡು ಬರುವವನಿದ್ದ. ಮಲ್ಲಿಕಮ್ಮ ನಸುಕಿನಲ್ಲೇ ಬಟ್ಟೆಯ ಗಂಟು ಕಟ್ಟಿ ಅಡುಗೆಮನೆಯ ಬಾಗಿಲ ಮೂಲೆಯಲ್ಲಿಟ್ಟು ನೀರಿಗೆ ಹೋದಳು. ಮೂರು ವರ್ಷದಿಂದ ಅವಳು ಶಹಾಪುರದ ಈ ಮನೆ ಬಿಟ್ಟು ಬಾವಿಗಿಂತ ದೂರ ಹೋಗಿರಲಿಲ್ಲ.

ಕಾರಣ, ಅತ್ತೆ ಭಾಗಮ್ಮನ ಉಬ್ಬಸ. ನಲವತ್ತು ವರ್ಷ ಒಲೆಯ ಹೊಗೆ ಕುಡಿದ ಎದೆ ಅದು. ಮಗ ಶಾಂತಪ್ಪ ಅವಳನ್ನು ಯಾದಗಿರಿಯ ದವಾಖಾನೆಗೆ ಒಯ್ದಾಗ ಡಾಕ್ಟರು ಎರಡು ಉಪಾಯ ತೋರಿಸಿದ್ದರು. ಉಸಿರು ಒಳಗೇ ಸಿಕ್ಕಿಕೊಂಡರೆ, ಅದು ಹೊರಬೀಳುವ ಹೊತ್ತಿಗೆ ಸರಿಯಾಗಿ ಯಾರಾದರೂ ಹಿಂದೆ ಕೂತು ಎರಡೂ ಪಕ್ಕೆ ಮೆಲ್ಲಗೆ ಒತ್ತುವುದು ಒಂದು. ಒಲೆ ಊದುವ ಕೊಳವೆಯನ್ನು ನೀರಿನ ಚಂಬಿನಲ್ಲಿ ಅದ್ದಿ, ಗುಳ್ಳೆ ಏಳುವಂತೆ ತಾನೇ ನಿಧಾನವಾಗಿ ಊದುವುದು ಇನ್ನೊಂದು.

"ಸಣ್ಣ ಹುಡುಗರ ಆಟ ಅದು. ನನ್ನಿಂದ ಆಗಂಗಿಲ್ಲ" ಎಂದು ಭಾಗಮ್ಮ ಕೊಳವೆಯನ್ನು ಆಚೆ ದೂಡಿದ್ದಳು. ಅಂದಿನಿಂದ ಸೊಸೆ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬರಬೇಕು, ಊಟದ ನಡುವೆ ಏಳಬೇಕು.

ಇಂದು ಕೊಡ ಹೊತ್ತು ಹಿತ್ತಲ ಬಾಗಿಲಿಗೆ ಬಂದರೆ ಒಳಗೆ ಗುಳುಗುಳು ಸದ್ದು. ಅತ್ತೆ ಒಲೆಯ ಮುಂದೆ ಕೂತು ಚಂಬಿನಲ್ಲಿ ಕೊಳವೆ ಇಟ್ಟು ಊದುತ್ತಿದ್ದಳು. ರೂಢಿಯಾದವರ ಊದು ಅದು. ಭುಜಗಳು ಇಳಿದಿದ್ದವು, ಎದೆಯ ಸಿಳ್ಳು ನಿಂತಿತ್ತು.

ಸೊಸೆಯನ್ನು ಕಂಡೊಡನೆ ಕೊಳವೆ ಬೂದಿಗೆ ಬಿತ್ತು.

"ಎಷ್ಟು ದಿನದಿಂದ ಅತ್ತಿ?"

ಭಾಗಮ್ಮ ಮೂಲೆಯತ್ತ ಕಣ್ಣು ಹಾಯಿಸಿದಳು. ಗಂಟು ಬಿಚ್ಚಿತ್ತು.

"ಮೂರು ದಿನದ ಹಬ್ಬಕ್ಕ ಇದ್ದಬದ್ದ ಸೀರಿ ಎಲ್ಲಾ ಕಟ್ಟೀದಿ. ಹೊಚ್ಚಗೊಳ್ಳೋ ಕೌದಿ ಸೈತ. ಕೌದೀನೂ ಜೋಕಾಲಿ ಆಡತೈತೇನು?"

ಮಲ್ಲಿಕಮ್ಮನ ಸೊಂಟದ ಕೊಡ ತುಳುಕಿತು. ತಾನು ಮರಳಿ ಬರುವುದಿಲ್ಲವೆಂದು ಅವಳು ಯಾರಿಗೂ ಹೇಳಿರಲಿಲ್ಲ, ಅಣ್ಣನಿಗೂ.

ಅಂಗಳದಲ್ಲಿ ಎತ್ತಿನ ಗೆಜ್ಜೆ, ಹಿಂದೆಯೇ ಅಯ್ಯಣ್ಣನ ದನಿ ಕೇಳಿಸಿತು. "ಏನ್ರಿ ಅತ್ತಿಯವ್ರ! ಈ ಸಲನಾರ ತಂಗೀನ ಕಳಸ್ತೀರೋ, ಖಾಲಿ ಬಂಡಿ ಹೊಡಕೊಂಡ ಹೋಗ್ಲೋ? ನನ್ನ ಎತ್ತಿಗೂ ನಾಚಿಕಿ ಬರಾಕತ್ತೈತಿ!"

ಭಾಗಮ್ಮನ ಎದೆಯಲ್ಲಿ ಸಿಳ್ಳು ಎದ್ದಿತು. ನಿಜವೋ, ಆಟವೋ? ಮೂರು ವರ್ಷ ಆ ಪಕ್ಕೆ ಹಿಡಿದವಳಿಗೂ ತಿಳಿಯಲಿಲ್ಲ. ಮಲ್ಲಿಕಮ್ಮ ಕೊಡ ಇಳಿಸಿ, ಬೂದಿ ಒರೆಸಿ ಕೊಳವೆಯನ್ನು ಮುಂದೆ ಹಿಡಿದಳು. "ಊದ್ರಿ."

ಅತ್ತೆ ಅದನ್ನು ಮುಟ್ಟಲಿಲ್ಲ. ತಿರುಗಿ ಬೆನ್ನು ಕೊಟ್ಟು ಕೂತಳು. "ನೀ ಹೇಳಬ್ಯಾಡ" ಎಂದಳು ಮೆಲ್ಲಗೆ, "ನಾನೂ ಹೇಳಂಗಿಲ್ಲ."

ಶಾಂತಪ್ಪ ಬಾಗಿಲಿಗೆ ಬಂದು ನಿಂತ. ಅವನ ಹಿಂದೆ ಅಯ್ಯಣ್ಣ. "ಏನಾತು?"

ಹೇಳಲು ಒಂದು ಮಾತು ಸಾಕಿತ್ತು. ಆದರೆ ಬಿಚ್ಚಿದ ಗಂಟು ಗಂಡನ ಕಾಲ ಬಳಿಯೇ ಇತ್ತು. ಅವಳು ಸೆರಗು ಸರಿಮಾಡುವ ನೆಪದಲ್ಲಿ ಕೌದಿಯನ್ನು ಗಂಟಿನೊಳಗೆ ತುರುಕಿದಳು. ಅತ್ತೆಯ ಹಿಂದೆ ಕೂತಳು. ಅಂಗೈಗಳು ತಮ್ಮ ಜಾಗ ತಾವೇ ಹುಡುಕಿಕೊಂಡವು.

ಅಣ್ಣನಿಗೆ ಖಾಲಿ ಬಂಡಿಯನ್ನೇ ತಿರುಗಿಸೆಂದು ಹೇಳಬೇಕಿತ್ತು. ಅದಕ್ಕೂ ಅವಳು ಅತ್ತೆಯ ಉಸಿರು ಹೊರಬೀಳುವವರೆಗೆ ಕಾದಳು.