ಹಿಡಿಕಂಬಿ

ಲಾರಿಯ ಹಣೆಗೆ ನವಿಲು ಬರೆಸುವುದೋ ಸಿಂಹ ಬರೆಸುವುದೋ ಎಂದು ತೀರ್ಮಾನಿಸುವುದಕ್ಕೆ ಕಂಠಪ್ಪನಿಗೆ ಎರಡು ದಿನ ಬೇಕಾಯಿತು.

ಹುಣಸೂರಿನ ಮರದ ಡಿಪೋದ ಹಿಂದೆ ಲಿಂಗಣ್ಣ ಮೇಸ್ತ್ರಿಯ ಶೆಡ್ಡಿತ್ತು. ಆಗೆಲ್ಲ ಲಾರಿ ಬರುತ್ತಿದ್ದದ್ದು ಬರೀ ಚಾಸಿಯಾಗಿ. ಇಂಜಿನ್ನು, ಚಕ್ರ, ಎರಡು ಉದ್ದನೆಯ ಕಬ್ಬಿಣದ ತೊಲೆ, ಅಷ್ಟೇ. ಮಿಕ್ಕದ್ದನ್ನೆಲ್ಲ ಕೊಂಡವನು ಹೇಳಿದಂತೆ ಲಿಂಗಣ್ಣ ಕಟ್ಟಿಕೊಡುತ್ತಿದ್ದ. ಗಿರಾಕಿ ಹೇಳಿದ್ದನ್ನು ಪಟ್ಟಿ ಮಾಡುವ ಕೆಲಸ ನನ್ನದು. ಬಿ.ಎ. ಮುಗಿಸಿ ಎರಡು ವರ್ಷ ಅಲೆದ ಮೇಲೆ ಸಿಕ್ಕಿದ್ದು ಇದೇ. ನನ್ನದು ಮಾತು ಕಮ್ಮಿ. ಮಾತಾಡದೆ ಕೂತವನು ಮಾತಾಡುವವರಿಗಿಂತ ಒಂದು ಮೆಟ್ಟಿಲು ಮೇಲಿರುತ್ತಾನೆ ಎಂದು ಆ ದಿನಗಳಲ್ಲಿ ನಂಬಿದ್ದೆ.

ಕಂಠಪ್ಪ ಹನಗೋಡಿನ ಕಂಟ್ರಾಕ್ಟರು. ಪಿರಿಯಾಪಟ್ಟಣದಿಂದ ಹೊಗೆಸೊಪ್ಪು ಸಾಗಿಸುವುದು, ಕಾಡಂಚಿನ ಗಿರಿಜನರ ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಆಳು ಸಾಗಿಸುವುದು, ಎರಡೂ ಅವನದೇ. ಹಲಗೆಗೆ ಮತ್ತಿಮರ ಸಾಕು ಎಂದ. ಆದರೆ ಡ್ರೈವರ್ ಪಕ್ಕದ ತನ್ನ ಸೀಟಿಗೆ ಕೆಂಪು ರೆಕ್ಸಿನ್ನೇ ಆಗಬೇಕಿತ್ತು. ಕ್ಯಾಬಿನ್ನಿನೊಳಗೆ ಬಣ್ಣದ ಕುಚ್ಚು, ಬಾಗಿಲಿಗೆ ತನ್ನ ಹೆಸರು, ಹೆಸರಿನ ಸುತ್ತ ಕಮಲದ ಬಳ್ಳಿ.

"ಎಲ್ಡು ಹಾರನ್ ಬರ್ಕಳಿ ಬಿ.ಎ. ಸ್ವಾಮಿ. ಊರೊಳಿಕ್ಕೆ ಒಂದು, ಕಾಡ್ ದಾರಿಗೊಂದು."

"ಯಾವುದು ಜೋರಿರಬೇಕು?"

"ಊರೊಳಿಕ್ಕಿಂದು ಕಣ್ರೀ! ಕಾಡ್ನಾಗೆ ಕೇಳೋರ್ಯಾರು, ಆನೆಯಾ?"

ಲಿಂಗಣ್ಣ ನಕ್ಕ. ನಾನು ಬರೆದುಕೊಂಡೆ. ಇಷ್ಟು ದೊಡ್ಡ ಯಂತ್ರ ಇಷ್ಟು ಸಣ್ಣ ಮನುಷ್ಯನ ಕೈಗೆ ಬಂದಿತಲ್ಲ ಎಂದು ಒಳಗೊಳಗೇ ಹೇಸುತ್ತಿದ್ದೆ.

ಎರಡನೆಯ ದಿನ ಕಂಠಪ್ಪನ ಜೊತೆ ಕೇತನೂ ಬಂದಿದ್ದ. ಹಾಡಿಯಿಂದ ಪ್ರತಿ ಸುಗ್ಗಿಗೆ ಇಪ್ಪತ್ತೈದು ಆಳುಗಳನ್ನು ಹೊರಡಿಸಿಕೊಂಡು ಬರುವವನು ಅವನೇ. ಚಾಸಿಯ ಹಿಂದುಗಡೆ ಕುಕ್ಕರುಗಾಲಲ್ಲಿ ಕೂತು ತೊಲೆಯನ್ನೇ ನೋಡುತ್ತಿದ್ದವನು, ನವಿಲೇ ಎಂದು ತೀರ್ಮಾನವಾದ ಮೇಲೆ ಬಾಯಿ ತೆರೆದ.

"ಬುದ್ಧಿ, ಹಿಂದ್ಗಡಿಕೆ ಒಂದು ಮೆಟ್ಲು. ಒಳ್ಗೆ ಈ ಕಡೆಯಿಂದ ಆ ಕಡೀಕೆ ಒಂದು ಕಂಬಿ. ಇಡ್ಕಳಾಕೆ. ಓದೊರ್ಸ ಬಾಡ್ಗೆ ಲಾರಿನಾಗೆ ತಿರುವಲ್ಲಿ ನಮ್ಮ ಮಲ್ಲಿ ಬಿದ್ಲಲ್ಲ. ಅವಳ ಸೊಂಟ ಇನ್ನೂ ನೆಟ್ಗಾಗಿಲ್ಲ. ಇನ್ನೊಂದ್ ಕಿತ ಬಿದ್ರೆ ಏಳಾಕಿಲ್ಲ ಅಂದವ್ರೆ ಡಾಕ್ಟ್ರು."

ಮಲ್ಲಿ ಅವನ ಹೆಂಡತಿ.

ನವಿಲಿನ ಖುಷಿಯಲ್ಲಿದ್ದ ಕಂಠಪ್ಪ ಕೈಯಾಡಿಸಿದ. "ಹಾಕ್ಸಾನ ಬುಡ್ಲಾ. ಒಂದು ಪೈಪು ತಾನೆ? ಬರ್ಕಳ್ರೀ ಸ್ವಾಮಿ."

ಬರೆದೆ. ಕುಚ್ಚಿಗೂ ಕಂಬಿಗೂ ಅವನ ದನಿಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಅದು ನನ್ನನ್ನು ಕೆರಳಿಸಿತು. ಇವನು ಕೊಡುವುದು, ಕೇತ ಕೈಮುಗಿಯುವುದು! ಮೇಸ್ತ್ರಿಯ ಎದುರಿಗೇ ಇವನ ಮುಖ ಒಮ್ಮೆ ಕಪ್ಪಿಡಬೇಕು ಅನ್ನಿಸಿತು.

"ಕಂಠಪ್ಪನವರೇ, ನಿಮ್ಮದು ಮಾಲಿನ ಗಾಡಿ. ಪರ್ಮಿಟ್ಟಿನ ಪ್ರಕಾರ ಜನರನ್ನು ತುಂಬುವ ಹಾಗೇ ಇಲ್ಲ. ಈ ಹಿಡಿಕಂಬಿ ಯಾರಿಗೆ, ಹೊಗೆಸೊಪ್ಪು ಹಿಡಿದುಕೊಳ್ಳುತ್ತದೆಯಾ ಎಂದು ಗಾಡಿ ತಪಾಸಣೆಯ ಬ್ರೇಕ್ ಇನ್‌ಸ್ಪೆಕ್ಟರ್ ಕೇಳಿದರೆ ಏನು ಹೇಳ್ತೀರಿ?"

ಅವನ ಮುಖ ಕಪ್ಪಿಡಲಿಲ್ಲ. ಅರಳಿತು.

"ಅಯ್ಯಯ್ಯಪ್ಪ! ನೋಡಪ್ಪ ಲಿಂಗಣ್ಣ, ಓದ್ದೋರು ಅಂದ್ರೆ ಇದು ಕಣಪ್ಪ! ಕಂಬಿ ಹಾಕ್ಸಿದ್ರೆ ನಮ್ ಮ್ಯಾಲೆ ನಾವೇ ಸಾಕ್ಸಿ ಹೇಳ್ದಂಗೆ. ಹೊಡ್ದಾಕ್ರಿ ಸ್ವಾಮಿ ಅದ್ನ. ಮೆಟ್ಲೂ ಬ್ಯಾಡ. ಅದ್ರ ಬದ್ಲು ಇನ್ನೆಲ್ಡು ಕನ್ನಡಿ ಬರ್ಕಳಿ."

ನನಗೆ ಆಗ ಹತ್ತು ಮಾತು ಹೊಳೆದವು. ಕಳಚಿಡುವಂಥ ಕಂಬಿ ಮಾಡಿಸಬಹುದು. ಒಂದು ಹಗ್ಗವನ್ನಾದರೂ ಕಟ್ಟಬಹುದು. ಒಂದನ್ನೂ ಹೇಳಲಿಲ್ಲ. ನನ್ನ ಪೆಟ್ಟು ನನಗೇ ತಿರುಗಿದ ಅವಮಾನದಲ್ಲಿ ಎರಡು ಸಾಲು ಹೊಡೆದುಹಾಕಿದೆ. ಪರ್ಮಿಟ್ಟು, ಇನ್‌ಸ್ಪೆಕ್ಟರು ಎಂದೆಲ್ಲ ನಡೆದ ಆ ಮಾತು, ಚಾಸಿಯ ಆ ತುದಿಗೆ ಹೋಗಿ ಕಂಬಿಯ ಜಾಗ ಅಳೆಯುತ್ತಿದ್ದ ಕೇತನ ಕಿವಿಗೆ ಬಿದ್ದಿರಲಿಲ್ಲ. ಕಂಠಪ್ಪನಿಗೂ ನನಗೂ ಕೈಮುಗಿದೇ ಹೋದ.

ಮೂರು ವಾರಕ್ಕೆ ಲಾರಿ ಸಿದ್ಧವಾಯಿತು. ಒಯ್ಯುವ ದಿನ ಕಂಠಪ್ಪ ಮುಂದೆ ನಿಂತು ಎರಡು ಹಾರನ್ನನ್ನೂ ಒತ್ತಿಸಿ ಕೇಳುತ್ತಿದ್ದ. ಕೇತ ಹಿಂದಿನ ಟೈರು ಹಿಡಿದು ಮೇಲೆ ಹತ್ತಿದ. ಒಳಗೆ ಹಲಗೆಯುದ್ದಕ್ಕೂ ಅಂಗೈ ಸವರುತ್ತಾ ಹೋದ, ಕಣ್ಣಿಗೆ ಕಾಣದ್ದು ಕೈಗೆ ಸಿಕ್ಕೀತೇನೋ ಎಂಬ ಹಾಗೆ. ಇಳಿದು ಕಂಬಿ ಎಲ್ಲಿ ಎಂದು ಲಿಂಗಣ್ಣನನ್ನು ಕೇಳಿದ. ಲಿಂಗಣ್ಣ ಗದ್ದದಿಂದ ನನ್ನ ಕಡೆ ತೋರಿಸಿ, "ಬರ್ಕಳೋರ್ನ ಕೇಳು" ಎಂದ.

ಅವತ್ತು ಕಂಠಪ್ಪನಿಗೆ ನಾನೇ ಹೇಳಿದ್ದು ಎಂದು ಕಾನೂನು ವಿವರಿಸಿದೆ. ಸರಿಯಾಗಿಯೇ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿದ.

"ಅಂಗಾರೆ ನಾವು ಬೀಳ್ಬೌದು, ಇಡ್ಕಬಾರ್ದು. ಅಷ್ಟೇ ತಾನೆ ಬುದ್ಧಿ?"

"ಹಾಗಲ್ಲ ಕೇತ. ನೀವು ಹತ್ತಲೇಬಾರದು ಅನ್ನೋದು ಕಾನೂನು."

"ಹತ್ತದೆ ಇದ್ರೆ ಉಣ್ಣೋದೇನು?"

ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ನಾನು ಕಂಠಪ್ಪನನ್ನು ಹೇಗೆ ನೋಡುತ್ತಿದ್ದೆನೋ ಹಾಗೆ.

"ಅವತ್ತು ದಿನೆಲ್ಲ ಬಾಯಿ ಬುಡ್ದೆ ಕುಂತಿದ್ರಿ ನೀವು. ಇನ್ನೊಂದು ಗಳಿಗೆ ಅಂಗೇ ಇರಾಕೆ ಆಗ್ನಿಲ್ವಾ?"

ಈ ಸಲ ಕೈಮುಗಿಯಲಿಲ್ಲ.

ಸೋಮವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಬಳಿ ನಿಂತಿದ್ದಾಗ ಆಳು ತುಂಬಿಕೊಂಡ ಲಾರಿ ಕೊಡಗಿನ ಕಡೆಗೆ ಹೋಯಿತು. ಹಿಂದಿನ ಮೂಲೆಯಲ್ಲಿ ಕೇತ ಒಂದು ಕೈ ಪಕ್ಕದ ಹಲಗೆಗೂ ಇನ್ನೊಂದು ಕೈ ಹಿಂದಿನ ಹಲಗೆಗೂ ಕೊಟ್ಟು ನಿಂತಿದ್ದ. ಆ ತೋಳುಗಳ ನಡುವೆ, ಅವನ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಲ್ಲಿ. ತಿರುವಿನಲ್ಲಿ ಲಾರಿ ವಾಲಿತು. ಆಳುಗಳೆಲ್ಲ ಅವನ ಬೆನ್ನ ಮೇಲೆ ಬಿದ್ದರು. ಅವನ ತೋಳು ಬಾಗಲಿಲ್ಲ.

ನಾನು ಕೈ ಎತ್ತಿದೆ. ಅವನು ಎತ್ತಲಿಲ್ಲ. ಅವನ ಎರಡು ಕೈಗೂ ಕೆಲಸವಿತ್ತು.