ನೀರಿನ ಗೆರೆ

ಕುಕ್ಕರ್ ಸೀಟಿ ಹೊಡೆಯುವವರೆಗೆ ಸುಮನಾಳಿಗೆ ಬೇರೆ ಕೆಲಸವಿರಲಿಲ್ಲ. ಅಷ್ಟು ಹೊತ್ತು ಹಿಟ್ಟಿನ ಡಬ್ಬಕ್ಕೆ ಮೊಬೈಲು ಒರಗಿಸಿಕೊಂಡು ಅವಳು ಚೀನೀ ಅಕ್ಷರ ಬರೆಯುತ್ತಿದ್ದಳು. ಬರೆಯುವುದೆಂದರೆ ಬೆರಳಿನಲ್ಲಿ, ಗಾಜಿನ ಮೇಲೆ. ಮೊದಲು ಒಂದು ಗೆರೆ ತಾನಾಗಿ ಮೂಡಿ, ಬೆಳೆದು, ನಿಲ್ಲುತ್ತಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅಕ್ಷರ ಪೂರ್ತಿಯಾದ ಮೇಲೆ ಎಲ್ಲ ಮಾಯವಾಗಿ ಖಾಲಿ ಚೌಕ ಉಳಿಯುತ್ತಿತ್ತು. ಈಗ ಸುಮನಾ ಅದೇ ಗೆರೆಗಳನ್ನು ಅದೇ ಕ್ರಮದಲ್ಲಿ ಎಳೆಯಬೇಕು. ಎಲ್ಲಿಂದ ಶುರುವೆಂದು ಮರೆತರೆ ಮೂಲೆಯಲ್ಲಿ ಒಂದು ಬಲ್ಬಿನ ಚಿತ್ರವಿತ್ತು. ಅದನ್ನು ಮುಟ್ಟಿದರೆ ಮುಂದಿನ ಗೆರೆ ಬೂದು ಬಣ್ಣದಲ್ಲಿ ಒಂದು ಸಲ ಹರಿದು ತೋರಿಸುತ್ತಿತ್ತು.

ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಲಭುಜಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡಿದ್ದ ಕೆರಿಯಮ್ಮ ಸೊಸೆಯ ಬೆರಳನ್ನೇ ನೋಡುತ್ತಿದ್ದಳು. ಬೆರಳು ಗೆರೆಗಿಂತ ಹೆಚ್ಚಾಗಿ ಬಲ್ಬಿನ ಕಡೆಗೇ ಹೋಗುತ್ತಿತ್ತು.

ಸುಮನಾ ಸಾಗರ ಪೇಟೆಯಲ್ಲಿ ತೋಟದ ಯಂತ್ರಗಳ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಔಷಧಿ ಹೊಡೆಯುವ ಪಂಪು, ಅಡಿಕೆ ಕೊನೆ ಕೊಯ್ಯುವ ಉದ್ದದ ದೋಟಿ, ಅವುಗಳ ಬಿಡಿಭಾಗ, ಎಲ್ಲ ಅಲ್ಲಿಗೆ ಚೀನಾದಿಂದ ಬರುತ್ತಿದ್ದವು. ಪೆಟ್ಟಿಗೆಗಳ ಮೇಲೆ ಬರೆದದ್ದು ಏನೆಂದು ತಿಳಿಯುವ ಆಸೆಯಿಂದ ಶುರುವಾದದ್ದು ಈಗ ದಿನದ ಅಭ್ಯಾಸವಾಗಿತ್ತು. ಇದರಿಂದ ಸಂಬಳ ಹೆಚ್ಚುವುದಿಲ್ಲವೆಂದು ಅವಳಿಗೂ ಗೊತ್ತು. ಮಾವ ಮಾಸ್ತಪ್ಪ ಮಾತ್ರ, "ಇನ್ನು ಸ್ವಲ್ಪ ದಿನಕ್ಕೆ ಕೋಳೀನೂ ಚೀನಾ ಭಾಷೇಲೇ ಗೂಡಿಗೆ ಕರೀತಾಳೆ ನೋಡು" ಎಂದು ತಮಾಷೆ ಮಾಡುತ್ತಿದ್ದ.

ಕೆರಿಯಮ್ಮನಿಗೆ ತಮಾಷೆ ಬೇಕಿರಲಿಲ್ಲ. ಅವಳ ತಲೆಯಲ್ಲಿ ನಡುಮನೆಯ ಗೋಡೆ ಕೂತಿತ್ತು.

ಚಿಕ್ಕ ಮಗ ಕಿರಣನ ಮದುವೆ ಹತ್ತಿರವಾಗಿತ್ತು. ಹುಡುಗಿ ಹೊಸನಗರದ ಕಡೆಯವಳು. ಮದುಮಕ್ಕಳನ್ನು ಕೂರಿಸುವ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುವುದು ಅವರ ಮನೆಗಳ ರೂಢಿ. ಮನೆಗೆ ಟೈಲ್ಸು, ಪೇಂಟು ಎಲ್ಲ ಬಂದಾಗಲೂ ಆ ಒಂದು ಮಣ್ಣಿನ ಗೋಡೆಯನ್ನು ಮುಟ್ಟಲು ಕೆರಿಯಮ್ಮ ಬಿಟ್ಟಿರಲಿಲ್ಲ. ಅಲ್ಲಿ ಅವಳ ಅತ್ತೆ ಬರೆದಿದ್ದಳು, ಆಮೇಲೆ ಅವಳು ಬರೆದಿದ್ದಳು. ಈಗ ಅವಳ ತೋಳು ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಬರೆಯಬೇಕಾದವಳು ಸುಮನಾ. ಸುಮನಾಳ ತವರಿನಲ್ಲಿ ಚಿತ್ತಾರ ಎಂದೋ ನಿಂತುಹೋಗಿತ್ತು. ಈ ಸಲ ಇಲ್ಲೂ ನಿಂತರೆ ಮತ್ತೆ ಶುರುವಾಗುವುದಿಲ್ಲವೆಂದು ಕೆರಿಯಮ್ಮನಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಸುಮನಾ ಎರಡು ಸಲ ಶುರು ಮಾಡಿ ಎರಡು ಸಲ ಕೈಬಿಟ್ಟಿದ್ದಳು. ಪುಂಡಿನಾರಿನ ಕುಂಚ ಹಿಡಿದು ಒಂದು ಗೆರೆ ಎಳೆಯುವುದು, ತಿರುಗಿ ಅತ್ತೆಯ ಮುಖ ನೋಡುವುದು. ಗೆರೆ ಡೊಂಕಾದರೆ ಕೆರಿಯಮ್ಮ ಕೆಮ್ಮಣ್ಣಿನ ನೀರಿಗೆ ಅದ್ದಿದ ಬಟ್ಟೆ ಕೊಟ್ಟು, "ಒರೆಸು" ಎನ್ನುತ್ತಿದ್ದಳು. ಆ ಮೂಲೆಯಲ್ಲಿ ಬರೆದದ್ದೆಲ್ಲ ಹೋಗುತ್ತಿತ್ತು. ಎರಡನೇ ಸಲ ಸುಮನಾ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ, "ನನ್ ಕೈಲಿ ಆಗಲ್ಲ ಅತ್ತೆ" ಎಂದು ಅಂಗಡಿಗೆ ಹೊರಟುಹೋದಳು.

ಅಂದು ರಾತ್ರಿ ಊಟಕ್ಕೆ ಕೂತಾಗ ಕಿರಣ ದಾರಿ ತೋರಿಸಿದ. "ಅಮ್ಮಾ, ಹರ್ಷವರ್ಧನನ ಅಂಗಡೀಲಿ ಫ್ಲೆಕ್ಸ್ ಮಾಡಿಸ್ತೀನಿ. ಅಣ್ಣನ ಮದುವೆಗೆ ನೀನು ಬರೆದಿದ್ದರ ಫೋಟೋ ಇದ್ಯಲ್ಲ, ಅದನ್ನೇ ದೊಡ್ಡದು ಮಾಡ್ತಾನೆ. ಹತ್ರ ಹೋಗಿ ನೋಡಿದ್ರೂ ಗೊತ್ತಾಗಲ್ಲ."

"ಗಾಳಿಗೆ ಪಟಪಟ ಅಂದ್ರೆ?"

"ನಾಲ್ಕು ಮೂಲೆಗೂ ಮೊಳೆ ಹೊಡೀತೀನಿ."

"ಹಸೆಗೋಡೆಗೆ ಮೊಳೆ ಹೊಡೀತಾನಂತೆ," ಎಂದಳು ಕೆರಿಯಮ್ಮ, ಯಾರನ್ನೂ ನೋಡದೆ.

ಮಾಸ್ತಪ್ಪ ಸಾರು ಸುರಿದುಕೊಳ್ಳುತ್ತಾ, "ಮಾಡಿಸೋದೇ ಆದ್ರೆ ಕೆಳಗೆ ನನ್ನ ಫೋಟೋನೂ ಹಾಕ್ಸು ಮಾರಾಯ. ಕೈ ಮುಗ್ಕೊಂಡಿರೋದು. ಸ್ವಾಗತ ಕೋರುವವರು ಅಂತ," ಎಂದ.

ಎಲ್ಲರೂ ನಕ್ಕರು, ಕೆರಿಯಮ್ಮನೂ ಸ್ವಲ್ಪ ನಕ್ಕಳು. ಭಾನುವಾರದೊಳಗೆ ಗೋಡೆ ಆಗದಿದ್ದರೆ ಹರ್ಷವರ್ಧನ ಬಂದು ಅಳತೆ ತೆಗೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು.

ಈಗ ಕುಕ್ಕರಿನ ಮುಂದೆ ನಿಂತು ಅದೇ ಸೊಸೆ ಒಂದೇ ಅಕ್ಷರವನ್ನು ಮತ್ತೆ ಮತ್ತೆ ತಪ್ಪಿ ಮತ್ತೆ ಮತ್ತೆ ಬರೆಯುತ್ತಿದ್ದಳು. ಬೇಸರವಿಲ್ಲ. ಮುಖದಲ್ಲಿ ಗಂಟಿಲ್ಲ. ಗೋಡೆಯ ಮುಂದೆ ಇಲ್ಲದ ತಾಳ್ಮೆ ಇಲ್ಲಿ ಎಲ್ಲಿಂದ ಬಂತೆಂದು ಕೆರಿಯಮ್ಮನಿಗೆ ಸಿಟ್ಟು ಬಂತು. ಎದ್ದು ಹತ್ತಿರ ಹೋದಳು.

"ಎಂತದೇ ಅದು?"

"ಗದ್ದೆ ಅಂತ ಅತ್ತೆ. ಅವರು ಗದ್ದೆಗೆ ಹೀಗೆ ಬರೀತಾರೆ."

ಒಂದು ಚೌಕ, ಒಳಗೆ ಅಡ್ಡ ಒಂದು, ಉದ್ದ ಒಂದು ಗೆರೆ. ನಾಲ್ಕು ಮಡಿ.

"ಗದ್ದೆ ಹಂಗೇ ಇರೋದು. ಅದಕ್ಕೆ ಇಷ್ಟು ಹೊತ್ತಾ? ಕೊಡಿಲ್ಲಿ."

ಅವಳು ಮತ್ತೆ ಹೊಸ್ತಿಲಲ್ಲಿ ಕೂತಳು. ಮೊಬೈಲು ಮಡಿಲಲ್ಲಿಟ್ಟುಕೊಂಡರೆ ಭುಜ ನೋಯುವುದಿಲ್ಲ. ಕೆರಿಯಮ್ಮ ಎಡಗಡೆಯ ಗೆರೆಯನ್ನು ಮೇಲಿನಿಂದ ಇಳಿಸಿದಳು. ಅದು ಕಪ್ಪಗೆ ನಿಂತಿತು. ಅಲ್ಲಿಂದ ಹಾಗೇ ಕೆಳಗಿನ ಗೆರೆ ಎಳೆದಳು. ಮೊಬೈಲು ಸಣ್ಣಗೆ ನಡುಗಿತು, ಗೆರೆ ಕೆಂಪಾಗಿ ಮಾಯವಾಯಿತು. ಮತ್ತೆ ಎಳೆದಳು. ಮತ್ತೆ ಹೋಯಿತು.

"ಕೆಳಗಿಂದು ಕೊನೆಗೆ ಅತ್ತೆ," ಎಂದಳು ಸುಮನಾ. "ಎಡಗಡೆ ಆಯ್ತಲ್ಲ, ಇನ್ನು ಮೇಲಿಂದ ಹೋಗಿ ಬಲಕ್ಕೆ ಬಗ್ಗಿ ಇಳೀಬೇಕು. ಆಮೇಲೆ ಒಳಗಿನ ಎರಡು. ಕಡೆಗೆ ಕೆಳಗೆ ಮುಚ್ಚೋದು."

"ಸುತ್ತ ಬದು ಹಾಕದೆ ಒಳಗೆ ಮಡಿ ಮಾಡಿದ್ರೆ ನೀರು ನಿಲ್ಲತ್ತೇನೆ? ಇದನ್ನ ಬರೆದೋನು ಗದ್ದೆ ಮಾಡಿದೋನಲ್ಲ."

ಗದ್ದೆ ಮಾತ್ರವಲ್ಲ, ಚಿತ್ತಾರವೂ ಹಾಗೆಯೇ. ನಾಲ್ಕೂ ಕಡೆಯ ಅಂಚು ಕಟ್ಟಿದ ಮೇಲೆಯೇ ಒಳಗೆ ಕೈ ಹಾಕುವುದು. ಕೆರಿಯಮ್ಮ ಹಟಕ್ಕೆ ಬಿದ್ದು ಮೂರನೇ ಸಲವೂ ಕೆಳಗಿನ ಗೆರೆಯನ್ನೇ ಎಳೆದಳು. ಈ ಸಲ ಮೊಬೈಲು ನಡುಗಿ ಸುಮ್ಮನಾಗಲಿಲ್ಲ. ಮೇಲಿನಿಂದ ಒಂದು ಬೂದು ಗೆರೆ ಹೊರಟು ಬಲಕ್ಕೆ ಹೋಗಿ, ಬಗ್ಗಿ, ನಿಧಾನವಾಗಿ ಇಳಿಯಿತು. ಬೈದ ಹಾಗಿರಲಿಲ್ಲ. ಕೈ ಹಿಡಿದು ಕರೆದ ಹಾಗಿತ್ತು. ಅವಳ ಬೆರಳು ಅದರ ಹಿಂದೆ ಹೋಯಿತು.

ಆಮೇಲೆ ಅವಳು ಬೇಕೆಂದೇ ಒಂದು ಗೆರೆಯನ್ನು ಓರೆಯಾಗಿ ಎಳೆದು ನೋಡಿದಳು.

"ತಪ್ಪಿದ್ದು ಮಾತ್ರ ಹೋಯ್ತು," ಎಂದಳು.

"ಹೌದು."

"ಮೊದಲು ಎಳೆದಿದ್ದು ಹಂಗೇ ಅದೆ."

"ಅದು ಸರಿ ಇತ್ತಲ್ಲ ಅತ್ತೆ. ಅದನ್ನ ಯಾಕೆ ಅಳಿಸಬೇಕು?" ಸುಮನಾ ಕುಕ್ಕರಿನ ಕಡೆ ತಿರುಗಿ ಉರಿ ಸಣ್ಣ ಮಾಡಿದಳು. ಅವಳ ಮಾತಿನಲ್ಲಿ ಮೊನೆಯೇನೂ ಇರಲಿಲ್ಲ.

ಕೆರಿಯಮ್ಮ ಮೊಬೈಲನ್ನು ಕಟ್ಟೆಯ ಮೇಲಿಟ್ಟು ನಡುಮನೆಗೆ ಹೋದಳು. ಗೋಡೆ ಖಾಲಿಯಿತ್ತು. ತಾನು ಕಲಿಯುವಾಗ ತನ್ನ ಅತ್ತೆ ಇಡೀ ಮೂಲೆಯನ್ನೇ ಒರೆಸಿಬಿಡುತ್ತಿದ್ದಳು. ಹೇಗೆ ಎಂದು ಕೇಳಿದರೆ "ನೋಡು" ಎನ್ನುತ್ತಿದ್ದಳು. ಹಾಗೇ ಕಲಿತದ್ದು, ಹಾಗೇ ಕಲಿಸಲು ಹೊರಟದ್ದು. ಬೇರೆ ರೀತಿ ಇರಬಹುದೆಂದು ಯೋಚಿಸುವ ಸಂದರ್ಭ ಬಂದಿರಲಿಲ್ಲ.

ಮರುದಿನ ಸಂಜೆ ಸುಮನಾ ಅಂಗಡಿಯಿಂದ ಬಂದಾಗ ಗೋಡೆಯ ಬುಡದಲ್ಲಿ ಒಂದು ಚೊಂಬು ನೀರಿತ್ತು. ಪಕ್ಕದಲ್ಲಿ ಉದ್ದನೆಯ ಕಡ್ಡಿ, ಅದರ ತುದಿಗೆ ಬಟ್ಟೆಯ ಚೂರು ಸುತ್ತಿತ್ತು.

"ಕೈಕಾಲು ತೊಳ್ಕೊಂಡು ಬಾ," ಎಂದಳು ಕೆರಿಯಮ್ಮ. "ಕುಂಚ ತಗೋ."

"ಅತ್ತೆ, ಬೇಡ. ಕಿರಣ ಹೇಗೂ—"

"ಬಾ ಅಂದೆ."

ಕೆರಿಯಮ್ಮ ಎಡಗೈಯಲ್ಲಿ ಕಡ್ಡಿ ಹಿಡಿದು, ತುದಿಯನ್ನು ನೀರಿಗದ್ದಿ, ಗೋಡೆಯ ಮೇಲೆ ಒಂದು ಗೆರೆ ಎಳೆದಳು. ಒಣ ಕೆಮ್ಮಣ್ಣು ನೀರು ಕುಡಿದು ಕಪ್ಪಾಯಿತು. ಸುಮನಾ ನೋಡುತ್ತಿದ್ದಂತೆ ಆ ಗೆರೆ ಅಂಚಿನಿಂದ ತೆಳುವಾಗುತ್ತಾ, ಇಲ್ಲವಾಗತೊಡಗಿತು.

ಸುಮನಾ ನಕ್ಕುಬಿಟ್ಟಳು. "ನೀವೇ ಆ್ಯಪ್ ಆಗ್ಬಿಟ್ರಲ್ಲ ಅತ್ತೆ."

"ಆಪೋ ಗೀಪೋ. ಒಣಗೋದ್ರೊಳಗೆ ಎಳಿ."

ಸುಮನಾ ಎಳೆದಳು. ಡೊಂಕಾಯಿತು. ಕೆರಿಯಮ್ಮ ಕೆಮ್ಮಣ್ಣಿನ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ ಆ ಗೆರೆಯನ್ನಷ್ಟೇ ಒರೆಸಿ, ಮತ್ತೆ ನೀರಿನಲ್ಲಿ ತೋರಿಸಿದಳು. ಕತ್ತಲಾಗುವುದರೊಳಗೆ ನಾಲ್ಕೂ ಕಡೆಯ ಅಂಚು ನಿಂತಿತು. ಶನಿವಾರ ಸುಮನಾ ರಜೆ ಹಾಕಿದಳು. ನೀರಿನ ಗೆರೆ ಮುಂದೆ, ಬಿಳಿ ಗೆರೆ ಹಿಂದೆ. ಸಂಜೆಗೆ ಮೂಲೆಗಳ ಆರತಿ ಚಿತ್ರಗಳು ಮುಗಿದು, ನಡುವೆ ಮದುಮಕ್ಕಳ ಗೊಂಬೆಗಳು ಕೂತವು. ಉಳಿದದ್ದು ಜೋಗಿಜಡೆ ಒಂದೇ. ಗೆರೆಗಳು ಒಂದರೊಳಗೊಂದು ಹೆಣೆದುಕೊಂಡು ಗೋಡೆಯ ಮೇಲ್ಭಾಗದ ಉದ್ದಕ್ಕೂ ಹೋಗುವ ಪಟ್ಟಿ ಅದು.

ಕೆರಿಯಮ್ಮನಿಗೆ ಖುಷಿಯಾಗಬೇಕಿತ್ತು. ಆಗಿರಲಿಲ್ಲ. ಸುಮನಾ ಪ್ರತಿ ಗೆರೆಗೂ "ಅತ್ತೆ, ನೀರು" ಎನ್ನುತ್ತಿದ್ದಳು. ಹಿಂದಿನ ಗೆರೆಯಂಥದ್ದೇ ಗೆರೆಯಾದರೂ ಕುಂಚ ಗಾಳಿಯಲ್ಲೇ ನಿಲ್ಲುತ್ತಿತ್ತು.

"ಆ ಮೊಬೈಲಿನ ಬಲ್ಬು ಮುಟ್ಟದೆ ಎಷ್ಟು ಅಕ್ಷರ ಬರೀತೀಯೆ?" ಎಂದು ರಾತ್ರಿ ರೊಟ್ಟಿ ತಟ್ಟುವಾಗ ಕೆರಿಯಮ್ಮ ಕೇಳಿದಳು.

ಸುಮನಾ ಸ್ವಲ್ಪ ಯೋಚಿಸಿದಳು. "ನಿಜ ಹೇಳ್ಬೇಕಂದ್ರೆ ಒಂದೂ ಗ್ಯಾರಂಟಿ ಇಲ್ಲ. ಬಲ್ಬು ಇದೆ ಅಂತ ಗೊತ್ತಿದ್ರೆ ಕೈ ಅಲ್ಲಿಗೇ ಹೋಗ್ತದೆ."

"ಅದನ್ನ ತೆಗೆದುಹಾಕಕ್ಕೆ ಆಗಲ್ವಾ?"

"ಆಗ್ತದೆ. ನಾನೇ ತೆಗೆದಿಲ್ಲ."

ಭಾನುವಾರ ಬೆಳಿಗ್ಗೆ ಕೆರಿಯಮ್ಮ ಜೋಗಿಜಡೆಯ ಮೊದಲ ಹೆಣಿಗೆಯನ್ನು ಪೂರ್ತಿ ನೀರಿನಲ್ಲಿ ತೋರಿಸಿದಳು. ಎರಡನೆಯದಕ್ಕೆ ಗೆರೆ ಶುರುವಾಗುವ ಜಾಗದಲ್ಲಿ ಒಂದೊಂದು ಚುಕ್ಕೆ ಮಾತ್ರ ಇಟ್ಟಳು. ಸ್ಟೂಲಿನ ಮೇಲೆ ನಿಂತ ಸುಮನಾ ತಡವರಿಸಿದಳು, ಆದರೆ ಎಳೆದಳು. ಮೂರನೆಯದು ಶುರುವಾಗುವ ಹೊತ್ತಿಗೆ ಅಂಗಳದಲ್ಲಿ ಬೈಕು ನಿಂತ ಸದ್ದಾಯಿತು. ಹರ್ಷವರ್ಧನ ಅಳತೆಯ ಟೇಪು ಹಿಡಿದು ಬಂದಿದ್ದ. ಕಿರಣ ಅವನನ್ನು ಜಗಲಿಯಲ್ಲಿ ಕೂರಿಸಿ ಒಳಗೆ ಇಣುಕಿದ.

"ಅಮ್ಮಾ, ಎಂತ ಮಾಡಾಣ? ಮೇಲ್ಗಡೆ ಇನ್ನೂ ಅಷ್ಟು ಖಾಲಿ ಇದ್ಯಲ್ಲ. ಬೇಕಾದ್ರೆ ಆ ಪಟ್ಟಿ ಒಂದನ್ನೇ ಫ್ಲೆಕ್ಸ್ ಮಾಡಿಸಿ ಅಂಟಿಸ್ಬಹುದು."

ಕೆರಿಯಮ್ಮ ಕಡ್ಡಿಯನ್ನು ಚೊಂಬಿನಲ್ಲಿಟ್ಟಳು. ಚೊಂಬನ್ನು ಎತ್ತಿಕೊಂಡಳು.

"ಅವಳನ್ನ ಕೇಳು," ಎಂದು ಹೇಳಿ ಹಿತ್ತಲಿಗೆ ಹೋದಳು.

ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಚೊಂಬಿನ ನೀರನ್ನು ಬಸಳೆಯ ಬುಡಕ್ಕೆ ಸುರಿದಳು. ಹಿಂದೆಯೇ ಸುಮನಾಳ ದನಿ ಬಂತು. "ಅತ್ತೆ, ನೀರು." ಕೆರಿಯಮ್ಮ ಉತ್ತರ ಕೊಡಲಿಲ್ಲ. ಕೊಡದಿರುವುದು ಅವಳೆಣಿಸಿದಷ್ಟು ಸುಲಭವಿರಲಿಲ್ಲ. ಎಡಗೈ ತಾನಾಗಿ ಕಡ್ಡಿಯನ್ನು ಹುಡುಕಿತು. ಈಗ ಎದ್ದು ಹೋದರೆ ಪಟ್ಟಿ ಮಧ್ಯಾಹ್ನದೊಳಗೆ ಮುಗಿಯುತ್ತದೆ, ಗೆರೆ ತನ್ನದೇ ಆಗಿರುತ್ತದೆ, ಯಾರೂ ತಪ್ಪು ಹುಡುಕುವುದಿಲ್ಲ. ಇಷ್ಟೆಲ್ಲ ಅವಳಿಗೆ ಕಾಣುತ್ತಿತ್ತು. ಅವಳು ಬಸಳೆಯ ಹಣ್ಣೆಲೆ ಕೀಳುತ್ತಾ ಕೂತಳು.

ಒಳಗೆ ಕಿರಣ ಏನೋ ಕೇಳಿದ, ಸುಮನಾ ಏನೋ ಹೇಳಿದಳು. ಆಮೇಲೆ ಸ್ಟೂಲು ಎಳೆದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟೂಲು ಎಳೆದ ಸದ್ದು. ಸುಮನಾ ಎರಡನೇ ಸಲ ಕರೆಯಲಿಲ್ಲ.

ಬೈಕು ಹೊರಟುಹೋದ ಮೇಲೆ ಕಿರಣ ಹಿತ್ತಲಿಗೆ ಬಂದ. "ಟೀ ಕುಡಿದು ಹೋದ. ಅತ್ತಿಗೆ ಅಳತೆ ಬೇಡ ಅಂದ್ರು. ಗೋಡೆ ಹತ್ರ ಯಾರೂ ನಿಲ್ಬೇಡಿ ಅಂತ ನಂಗೂ ಬೈದ್ರು."

"ಬೈದ್ಲಾ?"

"ಬೈದ್ರು."

ಕೆರಿಯಮ್ಮ ಊಟದ ಹೊತ್ತಿನವರೆಗೂ ಒಳಗೆ ಹೋಗಲಿಲ್ಲ. ಹೋದಾಗ ಜೋಗಿಜಡೆ ಗೋಡೆಯ ಆ ತುದಿಯವರೆಗೂ ಮುಟ್ಟಿತ್ತು. ಕೊನೆಯ ಎರಡು ಹೆಣಿಗೆ ಉಳಿದವುಗಳಿಗಿಂತ ಇಕ್ಕಟ್ಟಾಗಿದ್ದವು; ಜಾಗ ಸಾಲದೆ ಗೆರೆಗಳನ್ನು ಒತ್ತಿ ಕೂರಿಸಿದ್ದು ಎದ್ದು ಕಾಣುತ್ತಿತ್ತು. ಕೆರಿಯಮ್ಮನ ಅತ್ತೆಯಾಗಿದ್ದರೆ ಇಡೀ ಪಟ್ಟಿ ಹೋಗುತ್ತಿತ್ತು. ಸುಮನಾ ಸ್ಟೂಲಿನಿಂದಿಳಿದು, ಬಿಳಿ ಮೆತ್ತಿದ ಕೈಯನ್ನು ಸೆರಗಿಗೆ ತಾಗದಂತೆ ದೂರ ಹಿಡಿದು ನಿಂತಿದ್ದಳು. ಅತ್ತೆಯ ಮುಖದ ಕಡೆ ನೋಡಲಿಲ್ಲ. ಅವಳು ಗೋಡೆ ನೋಡುತ್ತಿದ್ದಳು.

ಅಷ್ಟರಲ್ಲಿ ಅಕ್ಕಿ ಹಸನು ಮಾಡಲು ಕರೆದಿದ್ದ ನೆರೆಮನೆಯ ಬೆಳ್ಳಮ್ಮ ಮೊರ ಹಿಡಿದುಕೊಂಡು ಬಂದಳು. ಬಾಗಿಲಲ್ಲೇ ನಿಂತು ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಕೆರಿಯಮ್ಮಾ, ಇದು ನಿನ್ನ ಕೈ ಅಲ್ಲ."

"ಅಲ್ಲ," ಎಂದಳು ಕೆರಿಯಮ್ಮ. "ಸುಮನಾಂದು."

"ಕೊನೇಲಿ ಸ್ವಲ್ಪ ಇಕ್ಕಟ್ಟಾಯ್ತು."

"ಆಯ್ತು. ಮುಂದಿನ ಸಲ ಜಾಗ ನೋಡ್ಕೊಂಡು ಶುರು ಮಾಡ್ತಾಳೆ. ನೀ ಒಳಗೆ ಬಾ, ಊಟ ಮಾಡಾಣ."