ಮುಚ್ಚಳದ ಒಳಗಿನ ಹೆಬ್ಬೆರಳು

ನಾನು ಒಂದು ಸೂಟ್‌ಕೇಸು. ಈಗ ನನ್ನನ್ನು ನೋಡಿದವರು ಯಾವುದೋ ಮದುವೆ ಮಂಟಪದ ತುಂಡು ಅಂದುಕೊಂಡಾರು, ಆ ಮಾತು ಆಮೇಲೆ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ. ದಪ್ಪ ರಟ್ಟಿನ ಮೈ, ಮೇಲೆ ಕಂದು ರೆಕ್ಸಿನ್ನು, ಮುಚ್ಚಳದ ಒಳಗೆ ತೆಳ್ಳನೆಯ ಹಲಗೆ, ಎರಡು ಹಿತ್ತಾಳೆ ಚಿಲಕ. ಚಿಲಕ ಹಾಕಿದಾಗ ಬರುವ ಟಕ್ಕೆಂಬ ಸದ್ದಿನ ಮೇಲೆ ನನಗೆ ಭಾರೀ ಜಂಬವಿತ್ತು.

ನನ್ನನ್ನು ಮೊದಲು ಕೊಂಡವನು ಊರೂರು ತಿರುಗುವ ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದ ಕಲ್ಲನಗೌಡ. ರಂಗದ ಮೇಲೆ ದಾನಶೂರ, ಕೆಳಗಿಳಿದರೆ ಒಂದು ಹಿಡಿ ಚುರುಮುರಿಯನ್ನೂ ಯಾರಿಗೂ ಕೊಡದ ಗಿರಾಕಿ. ರೇಷ್ಮೆ ಧೋತರದ ಜೊತೆಗೆ ಲಾಡು, ಚಕ್ಕುಲಿಗಳನ್ನೂ ನನ್ನೊಳಗೆ ತುರುಕುತ್ತಿದ್ದ. ಒಮ್ಮೆ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಭಾರ ತಾಳದೆ ಹಿಡಿಕೆ ಕಿತ್ತುಬಂತು. ಲಾಡುಗಳು ಜನರ ಕಾಲಡಿ ಉರುಳಿದವು. ರಾಜ ನನ್ನನ್ನೇ ಒದ್ದು ಬಸ್ಸು ಹತ್ತಿದ.

ಎತ್ತಿಕೊಂಡವನು ಅದೇ ಕಂಪನಿಯಲ್ಲಿ ಮೇಕಪ್ಪು ಮಾಡುತ್ತಿದ್ದ ಅಡಿವೆಪ್ಪ. ಮೆತ್ತಗಿನ ಮನುಷ್ಯ. ಚರ್ಮದ ಪಟ್ಟಿ ಹೊಲಿದು ಹೊಸ ಹಿಡಿಕೆ ಹಾಕಿದ. ಅಂದಿನಿಂದ ನಾನು ಬಣ್ಣದ ಪೆಟ್ಟಿಗೆಯಾದೆ. ಗಡ್ಡ, ಮೀಸೆ, ಕೊಬ್ಬರಿ ಎಣ್ಣೆ, ಪೌಡರು, ಬಣ್ಣದ ಡಬ್ಬಿಗಳು ನನ್ನ ಹೊಟ್ಟೆ ಸೇರಿದವು.

ಅಡಿವೆಪ್ಪನದೊಂದು ಪದ್ಧತಿಯಿತ್ತು. ಸಂಜೆ ಮೊದಲ ನಟ ಬಂದು ಕೂರುವ ಮೊದಲು ಕೆಂಪು ಬಣ್ಣಕ್ಕೆ ಎಣ್ಣೆ ಕಲಸಿ, ನನಗೆ ಕೈಮುಗಿದು, ಮುಚ್ಚಳದ ಒಳಮೂಲೆಗೆ ಹೆಬ್ಬೆರಳು ಒತ್ತುತ್ತಿದ್ದ. "ಮೊದಲ ಬಣ್ಣ ಪೆಟಗಿಗೆ, ಆಮ್ಯಾಲೆ ರಾಜಗ" ಎನ್ನುತ್ತಿದ್ದ. ನಿನ್ನೆಯ ಗುರುತಿನ ಮೇಲೇ ಇವತ್ತಿನದು. ವರ್ಷಗಳು ಕಳೆದಂತೆ ಅಲ್ಲಿ ದಪ್ಪನೆಯ ಕೆಂಪು ಚಕ್ಕೆ ಕಟ್ಟಿತು, ನಡುವೆ ಅವನ ಬೆರಳಿನಷ್ಟೇ ತಗ್ಗು.

ಇನ್ನೊಂದು ಕಟ್ಟುನಿಟ್ಟೂ ಇತ್ತು. ಹೆಂಗಸರು ಬಣ್ಣದ ಪೆಟ್ಟಿಗೆ ಮುಟ್ಟಬಾರದು. ಅವನ ಹೆಂಡತಿ ಕಾಶವ್ವ ಕಂಪನಿಯವರಿಗೆಲ್ಲ ಅಡುಗೆ ಮಾಡಿ ಹಾಕುವವಳು. ಒಮ್ಮೆ ಕಸ ಗುಡಿಸಲು ನನ್ನನ್ನು ಸ್ವಲ್ಪ ಸರಿಸಿದ್ದಕ್ಕೆ, ಎಂದೂ ಗದರದವನು ಅವತ್ತು ಗದರಿದ. ಅವಳು ಕಣ್ಣು ತುಂಬಿಕೊಂಡು ಕಸಬರಿಗೆ ಅಲ್ಲೇ ಬಿಟ್ಟು ಹೋದಳು. ನಾನು ಒಳ್ಳೆಯವನನ್ನೂ ಒರಟನಾಗಿಸುವ ಪೆಟ್ಟಿಗೆಯೆಂದು ನನಗೇ ಬೇಸರವಾಯಿತು.

ಜನ ಕಡಿಮೆಯಾಗಿ ಕಂಪನಿ ಮುಚ್ಚಿತು. ಕೊನೆಯ ಆಟದ ಸಂಜೆ ಅಡಿವೆಪ್ಪ ಹೆಬ್ಬೆರಳನ್ನು ಬಹಳ ಹೊತ್ತು ಒತ್ತಿ ಹಿಡಿದಿದ್ದ. ಆ ಗೆರೆಗಳು ಹಾಗೇ ಮೂಡಿ ನಿಂತವು. ಗದಗಿನ ಮನೆಗೆ ಬಂದು ಬಹಳ ದಿನ ಬಾಳಲಿಲ್ಲ ಅವನು. ಡಬ್ಬಿಗಳನ್ನು ಮಗ ಯಾರಿಗೋ ಕೊಟ್ಟ. ನಾನು ಖಾಲಿಯಾಗಿ ಮಂಚದ ಕೆಳಗೆ ಸೇರಿದೆ.

ತಿಥಿ ಮುಗಿದ ಮೇಲೆ ಒಂದು ಸಂಜೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ, ಕಾಶವ್ವ ನನ್ನನ್ನು ಎಳೆದಳು. ಮುಚ್ಚಳ ತೆರೆದು ಆ ತಗ್ಗಿನಲ್ಲಿ ತನ್ನ ಹೆಬ್ಬೆರಳಿಟ್ಟಳು.

"ತಪ್ಪಾತ್ರೀ, ಮುಟ್ಟೀನಿ. ಬೇಕಾದ್ರ ಎದ್ದ ಬಂದು ಬೈರಿ" ಎಂದಳು.

ಯಾರು ಬರಬೇಕು? ಅವಳು ಅಲ್ಲೇ ಕೂತು ಅತ್ತಳು. ಆಮೇಲೆ ದಿನಾ ಸಂಜೆ ಅದೇ ಆಯಿತು. ಬೆರಳಿಟ್ಟುಕೊಂಡು ಬೇಳೆ ಸೀದದ್ದು, ಮಗನಿಗೆ ಜ್ವರ ಬಂದದ್ದು, ಕಣ್ಣು ಮಂಜಾಗುತ್ತಿರುವುದು, ಎಲ್ಲ ಹೇಳುವಳು. ಗಂಡ ಬೇಡವೆಂದದ್ದನ್ನು ಮುಟ್ಟುತ್ತಿದ್ದೇನೆಂಬ ನಾಚಿಕೆಗೆ ಮನೆಯವರ ಮುಂದೆ ಮಾತ್ರ ತುಟಿ ಬಿಚ್ಚಲಿಲ್ಲ.

ಸೊಸೆ ವಿದ್ಯಾಶ್ರೀ ಬಂದಳು. ಬಂಗಾರದಂಥ ಹುಡುಗಿ, ಕೈ ಸುಮ್ಮನಿರುವುದಿಲ್ಲ. ಹಳೆಯ ಬಾಟಲಿ, ಒಡೆದ ಕುಂಡ ಸಿಕ್ಕರೆ ಮೊಬೈಲಿನಲ್ಲಿ ನೋಡಿ ಬಣ್ಣ ಬಳಿದು, ಕಾಗದದ ಚಿತ್ತಾರ ಅಂಟಿಸಿ ಹೊಸದು ಮಾಡುವಳು. ಕಾಶವ್ವ ತಂಗಿಯ ಮಗಳ ಬಾಣಂತನಕ್ಕೆ ಕೊಪ್ಪಳಕ್ಕೆ ಹೋದಾಗ, ಅತ್ತೆ ಜೋಪಾನ ಮಾಡಿದ ಪೆಟ್ಟಿಗೆಯೆಂದು ಪ್ರೀತಿಯಿಂದಲೇ ನನ್ನನ್ನು ಅಂಗಳಕ್ಕೆ ತಂದಳು.

ರೆಕ್ಸಿನ್ ಸುಲಿದಳು. ಬಿಳಿ ಬಳಿದು, ಒಣಗಿಸಿ, ಮೇಲೆ ತಿಳಿನೀಲಿ ಬಳಿದಳು. ಮನೆಯಲ್ಲಿ ಕೂಡಿಟ್ಟಿದ್ದ ಹಳೆಯ ಲಗ್ನಪತ್ರಿಕೆಗಳಿಂದ ಗಣಪತಿ, ಗಿಳಿ, ಗುಲಾಬಿಗಳನ್ನು ಕತ್ತರಿಸಿ ಅಂಟಿನಿಂದ ಕೂರಿಸಿ ವಾರ್ನಿಶ್ ಹಚ್ಚಿದಳು. ನಿಜ ಹೇಳಲೇ? ನಾನು ಹಿಗ್ಗಿದೆ. ಇಷ್ಟು ಚಂದ ನಾನು ಎಂದೂ ಇರಲಿಲ್ಲ.

ಕಾಶವ್ವ ಬರುವ ದಿನ ಬೆಳಿಗ್ಗೆ ಒಳಗಿನ ಸರದಿ. ವಿದ್ಯಾಶ್ರೀ ಮುಚ್ಚಳ ತೆರೆದು ಆ ಕೆಂಪು ಚಕ್ಕೆ ನೋಡಿದಳು. "ಏನ್ ಕೊಳಿಯಪ್ಪಾ ಇದು!" ಎಂದು ಉಪ್ಪುಕಾಗದ ಹಿಡಿದಳು. ನನ್ನ ಜೀವ ಬಾಯಿಗೆ ಬಂತು, ಆದರೆ ನನಗೆ ಬಾಯೆಲ್ಲಿ? ತಿಕ್ಕಿದಳು. ಹೋಗದಿದ್ದಾಗ ಉಗುರಿನಿಂದ ಕೆರೆದಳು. ಅಡಿವೆಪ್ಪನ ಅಷ್ಟೂ ಸಂಜೆಗಳು ಪುಡಿಯಾಗಿ ಉದುರಿದವು. ಅಲ್ಲಿ ಬಿಳಿ ಬಣ್ಣ ಬಳಿದು ಒಂದು ಗುಲಾಬಿ ಅಂಟಿಸಿದಳು.

ಸಂಜೆ ಕಾಶವ್ವ ಚೀಲ ಇಳಿಸುವ ಮೊದಲೇ ನನ್ನನ್ನು ಎದುರಿಗಿಟ್ಟು, "ಅತ್ತಿ, ಗುರುತ ಸಿಕ್ತೇನ್ರಿ?" ಎಂದಳು ಸೊಸೆ.

ಕಾಶವ್ವ ಮುಚ್ಚಳ ಎತ್ತಿದಳು. ಹೆಬ್ಬೆರಳು ತನ್ನಷ್ಟಕ್ಕೆ ಮೂಲೆಗೆ ಹೋಯಿತು, ನುಣ್ಣಗಿನ ಗುಲಾಬಿಯ ಮೇಲೆ ಜಾರಿತು. ಮತ್ತೆ ಹುಡುಕಿತು.

"ಅಲ್ಲೇನೋ ಕೆಂಪನ ಕೊಳಿ ಅಂಟಿತ್ರೀ ಅತ್ತಿ. ಕೆರದು ಕೆರದು ಕೈ ನೋಡ್ರಿ ಏನಾಗೇತಿ!"

ಹುಡುಗಿ ಬೊಬ್ಬೆಯೆದ್ದ ಕೈ ಚಾಚಿದಳು, ಹೊಗಳಿಕೆಗೆ ಕಾದು. ಕಾಶವ್ವ ಆ ಮುಖ ನೋಡಿದಳು.

"ಭಾಳ ಚಂದ ಆಗೇತವ್ವ. ಎಷ್ಟ ಕಷ್ಟ ಬಿದ್ದಿ!" ಎಂದಳು.

ಆಮೇಲೆ ಅವಳ ಕಣ್ಣು ಸೊಸೆಯ ಹೆಬ್ಬೆರಳಿನ ಮೇಲೆ ನಿಂತಿತು. ಉಗುರಿನ ಸಂದಿಯಲ್ಲಿ ಒಂದು ಗೆರೆಯಷ್ಟು ಕೆಂಪು ಉಳಿದಿತ್ತು. ಎರಡೂ ಕೈಯಲ್ಲಿ ಆ ಬೆರಳು ಹಿಡಿದು ಕಣ್ಣಿಗೊತ್ತಿಕೊಂಡಳು.

"ಅಯ್ಯ, ಹಿರೇರು ನೀವು, ನನ್ ಕೈ ಕಣ್ಣಿಗೆ ಹಚ್ಕೋತಾರೇನ್ರಿ?" ಹುಡುಗಿ ನಾಚಿ ನಕ್ಕಳು. "ಬಿಡ್ರಿ ಅತ್ತಿ, ರೊಟ್ಟಿ ಬಡೀಬೇಕು. ಸಬಕಾರ ಹಚ್ಚಿ ಉಗುರು ತಿಕ್ಕಿ ತೊಳ್ಕೊಂಡ್ ಬರ್ತೀನಿ."

ಕಾಶವ್ವ ತುಸು ಹೊತ್ತು ಬಿಡಲಿಲ್ಲ. ಆಮೇಲೆ ಬಿಟ್ಟು ಕಣ್ಣು ಮುಚ್ಚಿದಳು. ಒಳಗೆ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು, ಅದು ನಿಲ್ಲುವವರೆಗೂ ಅವಳು ಕಣ್ಣು ತೆರೆಯಲಿಲ್ಲ.

ಈಗ ನಾನು ಪಡಸಾಲೆಯ ಮೂಲೆಯಲ್ಲಿದ್ದೇನೆ. ಮುಪ್ಪಿನಲ್ಲಿ ಮದುಮಗಳ ಅಲಂಕಾರ. ಬಂದವರು ಹೊಗಳಿದರೆ "ನಮ್ಮ ಸೊಸಿ ಮಾಡ್ಯಾಳ್ರೀ" ಎನ್ನುತ್ತಾಳೆ ಕಾಶವ್ವ, ಅದರಲ್ಲಿ ಸುಳ್ಳು ಹೆಮ್ಮೆಯಿಲ್ಲ. ಸಂಜೆಯಾದರೆ ದೀಪ ಹಚ್ಚಿ ನನ್ನ ಪಕ್ಕದಲ್ಲೇ ಹಾದುಹೋಗುತ್ತಾಳೆ. ನಿಲ್ಲುವುದಿಲ್ಲ. ಬೇಳೆ ಸೀದರೆ ಈಗ ಯಾರಿಗೂ ಹೇಳುವುದಿಲ್ಲ.